ಗೋಡೆಯೊಳಗಿನ ಗಿಟ್ಟಿ

ಊರು ಬಿಟ್ಟು ಬಂದ ನಮ್ಮವರು ಠಾಣೆಯಲ್ಲಾಗಲಿ ಕಲ್ಯಾಣದಲ್ಲಾಗಲಿ ಹೊಸ ಮನೆಯನ್ನು ಹೊಕ್ಕೊಡನೆ ಗೋಡೆಯ ಮೇಲೊಂದು ಜಾಗವನ್ನು ಅರಸುತ್ತಾರೆ. ದೇವರ ಪಟಕ್ಕೂ ತೀರಿಕೊಂಡ ಹಿರಿಯರ ಭಾವಚಿತ್ರಕ್ಕೂ ಅಲ್ಲಿ ಸ್ಥಳವಾಗಬೇಕು. ಆ ಭಾರವನ್ನೆಲ್ಲ ಹೊರುವುದು ಬೆರಳುದ್ದವೂ ಇಲ್ಲದ ಒಂದು ಪ್ಲಾಸ್ಟಿಕ್ ಕೊಳವೆ. ಇಲ್ಲಿಯ ಬಡಗಿಗಳ ಬಾಯಲ್ಲಿ 'ಗಿಟ್ಟಿ'. ಇಷ್ಟು ಅಲ್ಪ ವಸ್ತುವನ್ನು ಕುರಿತು ಬರೆಯುವುದೇ ಎಂದು ವಾಚಕರು ನಗಬಾರದು. ನಮಗೆ ಕಾರಣವುಂಟು.

ಕಳೆದ ಮಳೆಗಾಲದ ಒಂದು ಇರುಳು ಡೊಂಬಿವಲಿಯ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ದೇವರ ಹಲಗೆ ಕಳಚಿ ಬಿದ್ದಿತು. ಹಿತ್ತಾಳೆಯ ದೀಪಗಳು ಉರುಳಿದ ಎಡೆಯಲ್ಲಿ ಹಗಲೆಲ್ಲ ಮೊಮ್ಮಗಳ ತೊಟ್ಟಿಲಿರುತ್ತಿತ್ತು. ಮಗನ ಮದುವೆಯ ವೇಳೆಗೆ ಒಂದು ಕೋಣೆಯನ್ನು ಎರಡು ಮಾಡಲೆಂದು ನಿಲ್ಲಿಸಿದ ಜಿಪ್ಸಮ್ ಬೋರ್ಡಿನ ಅಡ್ಡಗೋಡೆ ಅದು. ಇಟ್ಟಿಗೆ ಗೋಡೆಯ ಗಿಟ್ಟಿಯನ್ನೇ ಅದಕ್ಕೂ ತುರುಕಿದ್ದರು. ಕೆಲಸಗಾರನನ್ನು ಬಯ್ಯುವುದು ಸುಲಭ. ಅವನ ಚೀಲದಲ್ಲಿದ್ದುದು ಒಂದೇ ಬಗೆಯದು, ಬೇರೆಯದನ್ನು ಕೇಳಲು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹಿಂದೆ ಗೋಡೆ ಕೊರೆದು ಮರದ ಬೆಣೆ ಬಡಿಯುತ್ತಿದ್ದರು. ಕೊಂಕಣದ ಮಳೆಗೆ ಉಬ್ಬಿ, ಬೇಸಗೆಗೆ ಕುಗ್ಗಿ, ಅದು ಕ್ರಮೇಣ ಸಡಿಲವಾಗುತ್ತಿತ್ತು. 1911ರ ಸುಮಾರಿಗೆ ಲಂಡನ್ನಿನ ಜಾನ್ ರಾಲಿಂಗ್ಸ್ ಸೆಣಬಿನ ನಾರಿನಿಂದ ಬೆಣೆ ಮಾಡಿದರು. 'ರಾವಲ್ ಪ್ಲಗ್' ಎಂಬ ಹೆಸರು ಅವರಿಂದ ಬಂದುದು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್, ಬೀಗದ ಕಸುಬು ಕಲಿತವರು, ಅದನ್ನು ನೈಲಾನಿನಲ್ಲಿ ರೂಪಿಸಿದರು. ಸ್ಕ್ರೂ ಒಳಸೇರಿದಂತೆ ಸೀಳಿದ ಕೊಳವೆ ಅಗಲವಾಗಿ ರಂಧ್ರದ ಬದಿಗಳನ್ನು ಒತ್ತಿ ಹಿಡಿಯುತ್ತದೆ.

ಒತ್ತಲು ಗಟ್ಟಿ ಇಟ್ಟಿಗೆಯಿದ್ದರೆ ತಾನೆ ಆ ಹಿಡಿತ! ಜಿಪ್ಸಮ್ ಬೋರ್ಡಿನ ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರು, ಹಿಂದೆ ಬರಿಯ ಪೊಳ್ಳು. ನವಿ ಮುಂಬಯಿಯ ಕಚೇರಿಗಳಲ್ಲಿ ಇಂಥ ಅಡ್ಡಗೋಡೆಗಳು ಸಾಮಾನ್ಯ. ಈಗ ಮನೆಗಳಿಗೂ ಬಂದಿವೆ. ಇವಕ್ಕೆಂದೇ ಬೇರೆ ಗಿಟ್ಟಿಗಳುಂಟು. ಸ್ಕ್ರೂ ತಿರುಗಿಸಿದಂತೆ ಅವು ಹಲಗೆಯ ಬೆನ್ನಿಗೆ ಮಡಚಿಕೊಂಡು ಗಂಟಾಗುತ್ತವೆ. ಸ್ಕ್ರೂ ಮಾತ್ರ ಸಾಕಷ್ಟು ಉದ್ದವಿರಬೇಕು. ಗಿಡ್ಡದಾದರೆ ಗಂಟು ಬೀಳದು. ಪಟಕ್ಕೆ, ಗಡಿಯಾರಕ್ಕೆ ಇವು ಸಾಕು. ದೇವರ ಹಲಗೆಯಂಥ ಭಾರಕ್ಕೆ ಇವನ್ನೂ ನಂಬದೆ, ಬೋರ್ಡಿನ ಹಿಂದಿನ ಚೌಕಟ್ಟನ್ನೇ ಹುಡುಕಿ ಸ್ಕ್ರೂ ಇಳಿಸಬೇಕು. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ ಪೊಳ್ಳು ಸದ್ದು ಎಲ್ಲಿ ಗಟ್ಟಿಯಾಯಿತೆಂಬುದು ಕಿವಿಗೆ ತಿಳಿಯುತ್ತದೆ. ಹಳೆಯ ಇಟ್ಟಿಗೆ ಗೋಡೆಗೂ ಒಂದು ಮಾತು: ಗಿಟ್ಟಿ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಕೂಡಬೇಕು; ಕೊರೆದ ಪುಡಿಯನ್ನು ಮೊದಲು ತೆಗೆಯಬೇಕು.

ನಮ್ಮ ಮಿತ್ರರು ದೇವರನ್ನು ಎದುರಿನ ಇಟ್ಟಿಗೆ ಗೋಡೆಗೆ ಬಿಜಯಮಾಡಿಸಿದ್ದಾರೆ. ಅಡ್ಡಗೋಡೆಯಲ್ಲಿ ಅವರ ತಂದೆಯವರ ಸಣ್ಣ ಭಾವಚಿತ್ರವೊಂದೇ ಇದೆ. ತೊಟ್ಟಿಲನ್ನು ಮಾತ್ರ ಮನೆಯೊಡತಿ ಆ ಎಡೆಗೆ ಮರಳಿ ತರಗೊಟ್ಟಿಲ್ಲ.