ಮೀನು ಬರುವ ಮುನ್ನ ನೀರು ಮಾಗಲಿ

ಹೊಸದಾಗಿ ತುಂಬಿಸಿದ ಸಮುದ್ರ ಅಕ್ವೇರಿಯಂನ ನೀರು ಎಲ್ಲಕ್ಕಿಂತ ತಿಳಿಯಾಗಿ ಕಾಣುವುದು ಮೊದಲ ವಾರದಲ್ಲಿ. ಮೀನಿನ ಪಾಲಿಗೆ ಎಲ್ಲಕ್ಕಿಂತ ಅಪಾಯದ ನೀರೂ ಅದೇ. ಗಾಜಿನ ತೊಟ್ಟಿ, ಉಪ್ಪು, ಪಂಪು, ದೀಪ, ಕಿತ್ತಳೆ ಮೈಮೇಲೆ ಬಿಳಿ ಪಟ್ಟೆ ಹೊತ್ತ ಕ್ಲೌನ್ ಮೀನು, ಇವೆಲ್ಲ ಬೆಂಗಳೂರಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತವೆ. ಆ ಮೀನನ್ನು ಬದುಕಿಸುವ ಬ್ಯಾಕ್ಟೀರಿಯಾ ಮಾತ್ರ ತೊಟ್ಟಿಯೊಳಗೇ ಬೆಳೆಯಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ. ಈ ಕಾಯುವಿಕೆಗೆ ಹವ್ಯಾಸಿಗಳು ‘ಸೈಕ್ಲಿಂಗ್’ ಎನ್ನುತ್ತಾರೆ.

ಕಾಯದೆ ತಂದ ಮೀನು ಮೊದಲ ಕೆಲವು ದಿನ ಚೆನ್ನಾಗಿಯೇ ಈಜುತ್ತದೆ. ಆಮೇಲೆ ಮೇಲ್ಮೈಗೆ ಬಂದು ಏದುಸಿರು ಬಿಡತೊಡಗುತ್ತದೆ. ಆಹಾರ ಮುಟ್ಟುವುದಿಲ್ಲ, ಕಿವಿರು ಕೆಂಪಾಗುತ್ತದೆ. ಮನೆಯವರು ರೋಗವೆಂದು ಔಷಧ ಹುಡುಕುತ್ತಾರೆ. ಆದರೆ ಮೀನು ಬೇಯುತ್ತಿರುವುದು ತಾನೇ ಹೊರಹಾಕಿದ ತ್ಯಾಜ್ಯದಲ್ಲಿ. ಇಂಥ ಸಾವು ಪೂರ್ತಿಯಾಗಿ ತಪ್ಪಿಸಬಹುದಾದದ್ದು. ಸಮುದ್ರ ಅಕ್ವೇರಿಯಂ ಇಡುವ ಆಸೆಯುಳ್ಳವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಇದನ್ನೇ.

ಕಾಣದ ಕೆಲಸಗಾರರು

ಮೀನು ತನ್ನ ದೇಹದ ಸಾರಜನಕದ ತ್ಯಾಜ್ಯವನ್ನು ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುವುದು ಅದೇ. ಕಡಲಿನಲ್ಲಿ ಅದು ಅಪಾರ ನೀರಿನಲ್ಲಿ ಕರಗಿಹೋಗುತ್ತದೆ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಹೋಗಲು ಜಾಗವಿಲ್ಲ. ಕಡಲನೀರಿನ ಗುಣವೂ ಇಲ್ಲಿ ಮೀನಿಗೆ ಪ್ರತಿಕೂಲ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಯಾನಿನಿಂದ ಹಾನಿ ಕಡಿಮೆ. ಮುಕ್ತ ಅಮೋನಿಯಾ ಕಿವಿರಿನ ತೆಳುಪೊರೆಯನ್ನು ದಾಟಿ ರಕ್ತ ಸೇರುತ್ತದೆ. ಪಿಎಚ್ ಏರಿದಂತೆ, ನೀರು ಬಿಸಿಯಾದಂತೆ ಈ ಎರಡನೆಯದರ ಪಾಲು ಹೆಚ್ಚುತ್ತದೆ. ಪಿಎಚ್ 7 ಇರುವ ಸಿಹಿನೀರಿಗೆ ಹೋಲಿಸಿದರೆ ಪಿಎಚ್ 8.2ರ ಕಡಲನೀರಿನಲ್ಲಿ ಅದು ಸುಮಾರು ಹತ್ತು ಪಟ್ಟು.

ಈ ವಿಷವನ್ನು ಕಳೆಯುವವು ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನ ಹಾನಿ ಬಹಳ ಕಡಿಮೆ. ಕಾಲಕಾಲಕ್ಕೆ ಒಂದಷ್ಟು ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಕಲ್ಲಿನ ಒಳಪದರಗಳಲ್ಲಿ, ಆಮ್ಲಜನಕ ತಲುಪದ ಕಡೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನೂ ಒಡೆದು ಸಾರಜನಕದ ಅನಿಲವಾಗಿ ಗಾಳಿಗೆ ಬಿಡುತ್ತವೆ.

ಇದು ತಿಳಿಯಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. 1846ರಲ್ಲಿ ಇಂಗ್ಲೆಂಡಿನ ಅನ್ನಾ ಥಿನ್ ಎಂಬುವರು ಟಾರ್ಕಿ ಕರಾವಳಿಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದರು. ನೀರಿಗೆ ಗಾಳಿ ಸೇರಲೆಂದು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸುತ್ತಿದ್ದರು, ಮುಂದೆ ಕಡಲ ಸಸ್ಯಗಳನ್ನೂ ಸೇರಿಸಿದರು. ಜೀವಿಗಳಿಗೆ ಉಸಿರು ಬೇಕೆಂಬುದು ಅಂದಿನವರಿಗೆ ಗೊತ್ತಿತ್ತು. ತ್ಯಾಜ್ಯವನ್ನು ಯಾರು ಕಳೆಯುತ್ತಾರೆಂಬುದು ಗೊತ್ತಿರಲಿಲ್ಲ. ಆ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನು 1890ರ ಹೊತ್ತಿಗೆ ಪ್ರತ್ಯೇಕಿಸಿ ತೋರಿಸಿದವರು ಜ್ಯೂರಿಕ್‌ನಲ್ಲಿದ್ದ ರಷ್ಯನ್ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್ಸ್ಕಿ. ಅಲ್ಲಿಗೂ ಕತೆ ಮುಗಿಯಲಿಲ್ಲ. ಬ್ಯಾಕ್ಟೀರಿಯಾ ಅಲ್ಲದ, ಆರ್ಕಿಯಾ ಎಂಬ ಇನ್ನೊಂದು ಪ್ರಾಚೀನ ಜೀವಿವರ್ಗವೂ ಅಮೋನಿಯಾವನ್ನು ಉಂಡು ಬದುಕುತ್ತದೆಂದು 2005ರಲ್ಲಿ ಖಚಿತವಾಯಿತು. ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂಬ ಆ ಸೂಕ್ಷ್ಮಜೀವಿ ಸಿಕ್ಕಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ತೊಟ್ಟಿಯೊಂದರ ಜಲ್ಲಿಯಲ್ಲಿ. ಕಡಲಿನ ತುಂಬ ಇರುವ ಒಂದು ಜೀವಿವರ್ಗದ ಕೆಲಸ ಹೀಗೆ ಗಾಜಿನ ತೊಟ್ಟಿಯ ತಳದಲ್ಲಿ ಬೆಳಕಿಗೆ ಬಂತು.

ಈ ಜೀವಿಗಳು ಬೆಳೆಯುವುದು ನಿಧಾನ. ಅನುಕೂಲ ಪರಿಸ್ಥಿತಿಯಲ್ಲಿ ನಮ್ಮ ಕರುಳಿನ ಇ. ಕೊಲೈ ಸುಮಾರು ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾದರೆ, ಇವಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ವಾರಗಟ್ಟಲೆ ಕಾಯಬೇಕಾದ ಕಾರಣ ಇಷ್ಟೇ.

ಅಡುಗೆ ಉಪ್ಪು ಕಡಲಾಗದು

ಮೊದಲ ಕೆಲಸ ನೀರು. ಕಡಲಿನ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಸುಮಾರು ಶೇ 85ರಷ್ಟಿವೆ. ಉಳಿದದ್ದು ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಅವಿಲ್ಲದೆ ಮೀನಾಗಲಿ, ಹವಳವಾಗಲಿ ಬಾಳುವುದಿಲ್ಲ. ಹಾಗಾಗಿ ಅಕ್ವೇರಿಯಂಗೆಂದೇ ತಯಾರಿಸಿದ ಮಿಶ್ರಲವಣವೇ ಆಗಬೇಕು. ನೂರು ಲೀಟರಿಗೆ ಸುಮಾರು ಮೂರೂವರೆಯಿಂದ ನಾಲ್ಕು ಕಿಲೋ ಹಿಡಿಯುತ್ತದೆ. ಮೊದಲ ಸಲ ಬಿಟ್ಟರೆ ಮತ್ತೆ ಎಂದೂ ತೊಟ್ಟಿಯಲ್ಲಿ ಉಪ್ಪು ಕರಗಿಸಬಾರದು; ಬೇರೆ ಡ್ರಮ್ಮಿನಲ್ಲಿ ಪಂಪು ಹಾಕಿ, ಇಡೀ ರಾತ್ರಿ ತಿರುಗಿಸಿ, ಪೂರ್ತಿ ಕರಗಿದ ಮೇಲೆ ಸುರಿಯಬೇಕು. ರಿಫ್ರ್ಯಾಕ್ಟೋಮೀಟರಿನಲ್ಲಿ ಲವಣಾಂಶ ಸಾವಿರಕ್ಕೆ 35, ಅಂದರೆ ಸಾಪೇಕ್ಷ ಸಾಂದ್ರತೆ 1.025–1.026 ತೋರಿಸಲಿ.

ಕರಗಿಸುವ ನೀರು ಎಲ್ಲಿಯದು? ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಾವು ಬೆಳೆಸಬೇಕೆಂದಿರುವ ಬ್ಯಾಕ್ಟೀರಿಯಾವನ್ನೇ ಅದು ಕೊಲ್ಲುತ್ತದೆ. ನಮ್ಮ ಬಯಲುಸೀಮೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಮೊದಲೇ ಹೆಚ್ಚಿರುತ್ತದೆ. ತಾಮ್ರದ ಅಂಶ ತುಸುವಿದ್ದರೂ ಸಿಗಡಿ, ಬಸವನಹುಳು, ಹವಳಗಳಿಗೆ ಪ್ರಾಣಾಪಾಯ. ಆರ್‌ಒ ಜೊತೆಗೆ, ಉಳಿದ ಅಯಾನುಗಳನ್ನು ತೆಗೆಯುವ ಡಿಐ ಹಂತವೂ ಇರುವ ಫಿಲ್ಟರಿನ ನೀರೇ ಸರಿಯಾದದ್ದು.

ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಶುದ್ಧ ಸಿಹಿನೀರಿನಿಂದಲೇ ತುಂಬಬೇಕು. ಬಳ್ಳಾರಿ, ಕಲಬುರಗಿಯ ಒಣ ಬೇಸಿಗೆಯಲ್ಲಿ ಈ ಕೆಲಸ ದಿನವೂ ಇರುತ್ತದೆ. ನೀರಿನ ಬಿಸಿ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಂಗಳೂರಿನ ಡಿಸೆಂಬರಿಗೆ ಹೀಟರ್ ಬೇಕಾದರೆ, ಮಂಗಳೂರಿನ ಏಪ್ರಿಲ್‌ಗೆ ಚಿಲ್ಲರ್ ಬೇಕಾದೀತು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರಿನ ಆಮ್ಲಜನಕ ಇಳಿಯುತ್ತದೆ. ಮೀನಿನಷ್ಟೇ ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಬ್ಯಾಟರಿಯಲ್ಲಿ ಓಡುವ ಏರ್ ಪಂಪೊಂದು ಮನೆಯಲ್ಲಿರಲಿ. ಇನ್ನೂರು ಲೀಟರಿನ ತೊಟ್ಟಿ ಕಲ್ಲು, ಮರಳು, ಸ್ಟ್ಯಾಂಡು ಸೇರಿ ಇನ್ನೂರೈವತ್ತು ಕಿಲೋ ದಾಟುತ್ತದೆ. ನೀರು ತುಂಬುವ ಮೊದಲೇ ಜಾಗ ಗಟ್ಟಿಯಿದೆಯೇ, ಸಮತಟ್ಟಾಗಿದೆಯೇ ನೋಡಿಕೊಳ್ಳಿ.

ಕಲ್ಲು ಎಲ್ಲಿಂದ ಬರಬೇಕು

ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಅವು ಕಲ್ಲು, ಮರಳು, ಫಿಲ್ಟರಿನ ಮೇಲೆ ಅಂಟಿ ಬೆಳೆಯುತ್ತವೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲಿ ಒಂದು ಅಮೆರಿಕನ್ ಪತ್ರಿಕೆಯಲ್ಲಿ ತಮ್ಮ ವಿಧಾನವನ್ನು ಬರೆದರು: ಕಡಲಿನಿಂದ ತಂದ ಜೀವಂತ ಕಲ್ಲು, ಅದಕ್ಕೆ ಗಾಳಿಗುಳ್ಳೆಗಳ ಹರಿವು, ಅಷ್ಟೇ. ‘ಲೈವ್ ರಾಕ್’ ಪದ್ಧತಿ ಜಗತ್ತಿನ ಗಮನ ಸೆಳೆದದ್ದು ಆ ಬರಹದಿಂದ.

ಆದರೆ ನಾವು ಆ ಕಲ್ಲನ್ನು ಕಡಲಿನಿಂದ ಎತ್ತುವಂತಿಲ್ಲ. ಬಂಡೆಸಾಲು ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಮನ್ನಾರ್ ಕೊಲ್ಲಿಯದಾಗಲಿ, ಲಕ್ಷದ್ವೀಪದ್ದಾಗಲಿ, ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿಯದಾಗಲಿ, ಹವಳದ ಕಲ್ಲು ಅಲ್ಲೇ ಇರಬೇಕು. ಕಡಲಕುದುರೆಗೂ ಕಾಯ್ದೆಯ ರಕ್ಷಣೆಯಿದೆ. ಒಣಗಿದ ರಂಧ್ರಭರಿತ ಕಲ್ಲು, ಕೃತಕವಾಗಿ ತಯಾರಿಸಿದ ಕಲ್ಲು, ಅರಗೊನೈಟ್ ಮರಳು ಇವೇ ಸಾಕು. ಇವುಗಳಿಗೆ ಜೀವ ತುಂಬಲು ಹೆಚ್ಚು ಸಮಯ ಬೇಕು, ಅಷ್ಟೇ. ಗೆಳೆಯರ ಆರೋಗ್ಯವಂತ ತೊಟ್ಟಿಯಿಂದ ಒಂದು ತುಂಡು ಕಲ್ಲನ್ನೋ ಹಿಡಿ ಮರಳನ್ನೋ ತಂದು ಹಾಕಿದರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಶುರುವಾಗುತ್ತದೆ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾವೂ ನೆರವಾಗುತ್ತದೆ. ಬಿಸಿಲಿನಲ್ಲಿಟ್ಟ, ಅವಧಿ ಮೀರಿದ ಬಾಟಲಿಯನ್ನು ಮಾತ್ರ ನಂಬಬೇಡಿ.

ಮೀನಿಲ್ಲದ ವಾರಗಳು

ಹಿಂದೆ ತೊಟ್ಟಿಯನ್ನು ಮಾಗಿಸುವ ಕೆಲಸಕ್ಕೆ ಗಟ್ಟಿಜೀವವೆಂದು ಹೆಸರಾದ ಡ್ಯಾಮ್ಸೆಲ್ ಮೀನುಗಳನ್ನು ಬಿಡುತ್ತಿದ್ದರು. ಅವು ಬೆಂದು ಬದುಕಿದರೆ ತೊಟ್ಟಿ ತಯಾರು, ಸತ್ತರೆ ಇನ್ನೆರಡು. ಈ ಕ್ರೌರ್ಯದ ಅಗತ್ಯ ಈಗ ಕಿಂಚಿತ್ತೂ ಇಲ್ಲ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಅಮೋನಿಯಾ; ಅದು ಮೀನಿನಿಂದಲೇ ಬರಬೇಕೆಂದೇನಿಲ್ಲ.

ಶುದ್ಧ ಅಮೋನಿಯಂ ಕ್ಲೋರೈಡನ್ನು ನೂರು ಲೀಟರಿಗೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂಗೆ ಏರುತ್ತದೆ. ಅತಿಯಾಗಿ ಹಾಕಿದರೆ ಬ್ಯಾಕ್ಟೀರಿಯಾದ ಬೆಳವಣಿಗೆಯೇ ಕುಂಠಿತವಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಿಸಿ ಬರೆದಿಡಿ. ಮೊದಲಿಗೆ ಅಮೋನಿಯಾ ಕದಲುವುದಿಲ್ಲ. ಮುಂದೆ ಅದು ಇಳಿಯುತ್ತ ನೈಟ್ರೈಟ್ ಏರುತ್ತದೆ. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಹಂತ ಇದು, ನೈಟ್ರೈಟ್ ದಿನಗಟ್ಟಲೆ ಮೇಲೆಯೇ ನಿಲ್ಲುತ್ತದೆ. ಆಗ ನೈಟ್ರೇಟ್ ಅಳೆದರೆ ಅಂಕಿ ತಪ್ಪಾಗಿ ಹೆಚ್ಚು ಬರುತ್ತದೆ, ಏಕೆಂದರೆ ನೈಟ್ರೈಟ್ ಆ ಪರೀಕ್ಷೆಯನ್ನು ಕೆಡಿಸುತ್ತದೆ. ನೈಟ್ರೈಟ್ ಇಳಿದ ಮೇಲೆ ಮತ್ತೆ 2 ಪಿಪಿಎಂ ಅಮೋನಿಯಾ ಹಾಕಿ. ಇಪ್ಪತ್ನಾಲ್ಕು ಗಂಟೆಯಲ್ಲಿ ಅಮೋನಿಯಾವೂ ನೈಟ್ರೈಟೂ ಸೊನ್ನೆಗೆ ಬಂದರೆ ತೊಟ್ಟಿ ಸಿದ್ಧ. ಸಾಮಾನ್ಯವಾಗಿ ಇದಕ್ಕೆ ಮೂರರಿಂದ ಆರು ವಾರ. ಆದರೆ ತೀರ್ಪು ಹೇಳಬೇಕಾದದ್ದು ಟೆಸ್ಟ್ ಕಿಟ್, ಕ್ಯಾಲೆಂಡರ್ ಅಲ್ಲ.

ಈ ನಡುವೆ ಮರಳಿನ ಮೇಲೆ, ಗಾಜಿನ ಮೇಲೆ ಕಂದು ಧೂಳಿನಂಥ ಪದರ ಮೂಡುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಅದು. ಅದರ ಹಿಂದೆಯೇ ಹಸಿರು ಪಾಚಿ ಬರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ಆದರೂ ಕಲ್ಲು ತೆಗೆದು ಉಜ್ಜಿ ತೊಳೆಯಬೇಡಿ. ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾವೂ ಅದರೊಂದಿಗೆ ಹೋಗುತ್ತದೆ. ಈ ವಾರಗಳಲ್ಲಿ ದೀಪವನ್ನು ಆರಿಸಿಟ್ಟರೆ ಪಾಚಿ ಕಡಿಮೆ. ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಡ.

ಮೊದಲ ಮೀನು

ಕೊನೆಗೆ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿ ನೈಟ್ರೇಟ್ ಇಳಿಸಿ. ಈಗ ಮೀನು ತರಬಹುದು. ಒಂದೋ ಎರಡೋ ಸಾಕು. ಬ್ಯಾಕ್ಟೀರಿಯಾ ತನಗೆ ಸಿಗುವ ಆಹಾರಕ್ಕೆ ತಕ್ಕಷ್ಟೇ ಇರುತ್ತದೆ, ಹೊಸ ಭಾರಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ತಂದ ಮೀನನ್ನು ಕನಿಷ್ಠ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿ ಒಮ್ಮೆ ದೊಡ್ಡ ತೊಟ್ಟಿ ಹೊಕ್ಕರೆ ಅದನ್ನು ಓಡಿಸುವುದು ಕಷ್ಟ.

ಕ್ಲೌನ್ ಮೀನಿನಿಂದ ಆರಂಭಿಸುವುದು ಒಳ್ಳೆಯದು. ಅದನ್ನು ಹ್ಯಾಚರಿಯಲ್ಲಿ ಬೆಳೆಸುವ ತಂತ್ರವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಅಭಿವೃದ್ಧಿಪಡಿಸಿದೆ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಣೆ ಕೇಂದ್ರಗಳಿಂದ ಬರುತ್ತವೆ. ಕಡಲ ಮೀನುಗಳಲ್ಲಿ ಹೆಚ್ಚಿನ ಜಾತಿಗಳನ್ನು ಇಂದಿಗೂ ಹವಳದ ಬಂಡೆಗಳಿಂದಲೇ ಹಿಡಿದು ತರುತ್ತಾರೆ. ನಮ್ಮ ಅವಸರಕ್ಕೆ ಸತ್ತ ಒಂದು ಮೀನಿನ ಬದಲಿಗೆ ಇನ್ನೊಂದನ್ನು ಕೊಂಡಾಗ ಆ ಬಂಡೆಯಿಂದ ಮತ್ತೊಂದು ಜೀವ ಹೋಗುತ್ತದೆ.

ಚೆನ್ನಾಗಿ ಸಾಕಿದ ಕ್ಲೌನ್ ಮೀನು ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಅಷ್ಟು ಕಾಲ ನಮ್ಮ ಮನೆಯಲ್ಲಿರಲಿರುವ ಜೀವಕ್ಕಾಗಿ ಆರು ವಾರ ಕಾಯುವುದು ದೊಡ್ಡದಲ್ಲ. ತೊಟ್ಟಿ ಕೊಂಡ ದಿನವೇ ಮೀನನ್ನು ಕೇಳಬೇಡಿ. ಆ ದಿನ ಮೀನು ಕೊಡುವುದಿಲ್ಲ, ನೀರಿನ ಪರೀಕ್ಷೆ ಮುಗಿಸಿ ಬನ್ನಿ ಎನ್ನುವ ಅಂಗಡಿಯವರು ಸಿಕ್ಕರೆ ಮುಂದಿನ ವ್ಯಾಪಾರವನ್ನೆಲ್ಲ ಅವರಲ್ಲೇ ಮಾಡಿ.