ತುಂಬಿದ ಮನೆಗೆ ಮಣ್ಣಿನ ಎತ್ತು

ಮನೆ ತುಂಬ ಮಕ್ಕಳಿರುವಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಆಟಿಕೆ ಕೊಳ್ಳುವುದು ದುಸ್ತರ. ಕೊಂಡರೂ ಜಗಳ ತಪ್ಪದು. ರಾಯಚೂರು ಸೀಮೆಯ ಹಿರಿಯರು ಕಂಡುಕೊಂಡ ದಾರಿ ಸರಳವಾದುದು: ಎಲ್ಲರೂ ಕೂಡಿ ಮಾಡಿ, ಕೂಡಿ ಆಡುವ ಆಟಿಕೆ.

ಕಾರಹುಣ್ಣಿಮೆಯ ನಂತರ ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನೇ ನೋಡಿರಿ. ದೇವದುರ್ಗ, ಮಾನ್ವಿಯ ಹೊಲಗಳಿಗೆ ಮುಂಗಾರು ಕಾಲಿಡುವ ದಿನಗಳವು. ಎರೆಮಣ್ಣನ್ನು ಹದವಾಗಿ ನಾದಿ ಜೋಡೆತ್ತುಗಳನ್ನೂ ಗೋದಲಿಯನ್ನೂ ಮಾಡಿ, ಕುಸುಬಿ ಕಾಳಿನಿಂದ ಸಿಂಗರಿಸಿ, ಪೂಜಿಸಿ, ಹೋಳಿಗೆಯ ಎಡೆ ಹಿಡಿಯುತ್ತಾರೆ. ಮಣ್ಣು ತರುವವನೊಬ್ಬ, ಕೊಂಬು ತಿದ್ದುವವಳೊಬ್ಬಳು. ಎಲ್ಲರ ಕೈಗೂ ಕೆಲಸ. ಎತ್ತನ್ನು ಬಸವಣ್ಣನೆಂದು ಕರೆಯುವ ನಾಡಿನಲ್ಲಿ ದುಡಿಮೆಯ ಗೌರವವನ್ನು ಮಗು ಕಲಿಯುವುದು ಹೀಗೆ.

ಚೌಕಾಬಾರಕ್ಕೆ ಬೇಕಾದುದು ನೆಲದ ಮೇಲೊಂದು ಸೀಮೆಸುಣ್ಣದ ಚಿತ್ರ, ನಾಲ್ಕು ಕವಡೆ, ಒಂದಿಷ್ಟು ಹುಣಸೆಬೀಜ. ಅಜ್ಜಿಯೂ ಮೊಮ್ಮಗನೂ ಸರಿಸಮನಾಗಿ ಕೂಡುವ ಆಟವಿದು.

ಕೊಂಡು ತರುವುದಾದರೆ ಕಿನ್ನಾಳದ ಮರದ ಗೊಂಬೆಗಳಿವೆ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಆ ಊರು ರಾಯಚೂರು ಜಿಲ್ಲೆಯದೇ. ಹಗುರ ಮರದಲ್ಲಿ ಕೆತ್ತಿ ಬಣ್ಣವೇರಿಸುವ ಚಿತ್ರಗಾರರ ಈ ಕಲೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ.

ಬರುವ ಅಮಾವಾಸ್ಯೆಗೆ ಪೇಟೆಯಿಂದ ಅಚ್ಚಿನ ಎತ್ತು ತರುವ ಬದಲು ಮಕ್ಕಳ ಮುಂದೆ ಒಂದು ಬುಟ್ಟಿ ಮಣ್ಣು ಇರಿಸಿರಿ. ಎತ್ತಿನ ಕೊಂಬು ಸೊಟ್ಟಗಾದರೂ ಚಿಂತೆಯಿಲ್ಲ, ಮನೆ ಒಂದಾಗುತ್ತದೆ.