ಬೀಗದ ಕೈಯೇ ಪ್ರವಾಸದ ಬಂಡವಾಳ

ನಿವೃತ್ತಿಯ ಬಳಿಕ ಪರದೇಶವನ್ನು ಕಾಣುವ ಆಸೆ ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಮನೆಗಳಲ್ಲಿಯೂ ಉಂಟು. ವಿಮಾನದ ವೆಚ್ಚವನ್ನು ಹೇಗೋ ಹೊಂದಿಸಿದರೂ, ವಾರಗಟ್ಟಲೆ ಹೋಟೆಲಿನ ಬಾಡಿಗೆ ತೆರುವುದು ಪಿಂಚಣಿಗೆ ನಿಲುಕದ ಮಾತು.

ಈ ತೊಡಕಿಗೆ ದಾರಿ ತೋರಿದವರು ಉಪಾಧ್ಯಾಯರು. ಅವರಿಗೆ ರಜೆ ದೀರ್ಘ, ಸಂಬಳ ಅಲ್ಪ. 1953ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಹಾಲೆಂಡಿನ ಶಿಕ್ಷಕರು ‘ಇಂಟರ್‌ವ್ಯಾಕ್’ ಸಂಸ್ಥೆಯನ್ನು ಕಟ್ಟಿ, ರಜೆಯಲ್ಲಿ ಪರಸ್ಪರರ ಮನೆಗಳನ್ನು ಬದಲಾಯಿಸಿಕೊಳ್ಳತೊಡಗಿದರು. ಬಾಡಿಗೆಯ ಮಾತಿಲ್ಲ, ನಮ್ಮ ಮನೆ ಅವರಿಗೆ, ಅವರ ಮನೆ ನಮಗೆ.

ಬಸವನ ಬಾಗೇವಾಡಿಯ ವೃದ್ಧ ದಂಪತಿಗಳು ಹೀಗೆ ಲಂಡನ್ನಿನಲ್ಲಿ ತಂಗಿದರೆನ್ನಿ. ಅಡಿಗೆಮನೆಯುಂಟು, ಜೋಳದ ರೊಟ್ಟಿ ಬಡಿದುಕೊಳ್ಳಬಹುದು. ಸಂಜೆ ಥೇಮ್ಸ್ ನದಿಯ ದಂಡೆಗೆ ನಡೆದರೆ, 2015ರಲ್ಲಿ ಅನಾವರಣಗೊಂಡ, ತಮ್ಮೂರಿನವರೇ ಆದ ಬಸವಣ್ಣನವರ ಪ್ರತಿಮೆ ಎದುರಾಗುತ್ತದೆ. ಇತ್ತ ಬಂದವರಿಗೆ ಆಲಮಟ್ಟಿಯ ಜಲರಾಶಿ, ಇಂಡಿಯ ನಿಂಬೆಯ ತೋಟ, ಗೋಳಗುಮ್ಮಟದ ಮಾರ್ದನಿ ಕಾದಿರುತ್ತವೆ.

ಆದರೆ ಬಾಳೆಲ್ಲ ದುಡಿದು ಕಟ್ಟಿದ ಮನೆಯನ್ನು ಅಪರಿಚಿತರಿಗೆ ಒಪ್ಪಿಸುವುದು ಹೇಗೆ? ಮೊದಲು ಪತ್ರಗಳಿಂದ ಪರಿಚಯ ಬೆಳೆಯಲಿ, ಒಪ್ಪಂದ ಬರಹದಲ್ಲಿರಲಿ, ದೇವರ ಕೋಣೆಗೂ ಕಪಾಟಿಗೂ ಬೀಗವಿರಲಿ. ವಿದೇಶಿ ಅತಿಥಿ ಬಂದ 24 ಗಂಟೆಗಳೊಳಗೆ ನಿಗದಿತ ನಮೂನೆಯನ್ನು ಸರಕಾರಕ್ಕೆ ಸಲ್ಲಿಸುವ ಏರ್ಪಾಡನ್ನು ಮುಂಚೆಯೇ ಮಾಡಿಡಬೇಕು.

ಇಷ್ಟರ ಮೇಲೆ ಉಳಿಯುವುದು ನಂಬಿಕೆ. ಅವರ ಮನೆಯ ಬೀಗದ ಕೈಯೂ ನಮ್ಮಲ್ಲಿದೆ ಎಂಬುದೇ ಅದಕ್ಕೆ ಜಾಮೀನು.